ಹಡಗಿನ ಡೆಕ್ ಆಟಗಳು ಎಲ್ಲಿ ಹೋದವು?

ಪ್ರಶ್ನೆ: ನಾನು ಜಮಖಂಡಿಯವನು, ನಿವೃತ್ತ ಹೈಸ್ಕೂಲ್ ಶಿಕ್ಷಕ. ನಮ್ಮ ತಂದೆ 1950ರ ದಶಕದಲ್ಲಿ ಓದಲಿಕ್ಕೆ ಅಂತ ಮುಂಬೈಯಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿದ್ದರು. ಆ ಪ್ರಯಾಣದ ಬಗ್ಗೆ ಮಾತು ತೆಗೆದರೆ ಅವರು ಹೇಳುತ್ತಿದ್ದದ್ದು ಬರೀ ಆಟದ ಸುದ್ದಿ. ಹಗ್ಗದ ಬಳೆ ಎಸೆಯೋದು, ಕೋಲಿನಿಂದ ಬಿಲ್ಲೆ ತಳ್ಳೋದು, ಕಟ್ಟಿಗೆ ಕುದುರೆಗಳ ರೇಸು, ಹಡಗು ಇವತ್ತು ಎಷ್ಟು ಮೈಲಿ ಸಾಗಿತು ಅಂತ ಪಣ ಕಟ್ಟೋದು. ಹೋದ ಚಳಿಗಾಲದಲ್ಲಿ ನಾನು, ನನ್ನ ಹೆಂಡತಿ ಮುಂಬೈಯಿಂದ ಒಂದು ಕ್ರೂಸ್‌ಗೆ ಹೋಗಿ ಬಂದೆವು. ಅಂಥದ್ದು ಒಂದೂ ಕಾಣಲಿಲ್ಲ. ಡಿಜೆ, ಕ್ಯಾಸಿನೊ, ಊಟದ ಸಾಲು, ಮತ್ತೆ ಡಿಜೆ. ಆ ಆಟಗಳೆಲ್ಲ ಯಾಕೆ ಹೋದವು? ಎಲ್ಲಾದರೂ ಉಳಿದಿವೆಯಾ? ಇನ್ನೊಮ್ಮೆ ಹೋಗುವುದಾದರೆ ಎಂಥ ಹಡಗು ನೋಡಬೇಕು?

ಉತ್ತರ (ಕ್ರೂಸ್ ಹಡಗುಗಳ ಮನರಂಜನಾ ವಿಭಾಗದಲ್ಲಿ ಕೆಲಸ ಮಾಡಿ, ಈಗ ಬೆಳಗಾವಿಯಲ್ಲಿ ಇರುವವರಿಂದ):

ಸರ್, ನಿಮ್ಮ ತಂದೆಯವರು ಆಡಿದ ಆಟಗಳಲ್ಲಿ ಒಂದನ್ನು ನೀವು ನಿಮ್ಮ ಶಾಲೆಯ ಮೈದಾನದಲ್ಲೇ ಎಷ್ಟೋ ಸಲ ನೋಡಿರುತ್ತೀರಿ. ಹುಡುಗಿಯರು ಆಡುವ ಟೆನಿಕಾಯ್ಟ್ ಇದೆಯಲ್ಲ, ನಮ್ಮ ಮಂದಿ ಸುಮ್ನೆ 'ರಿಂಗ್' ಅನ್ನುತ್ತಾರೆ, ಅದು ಬೆಳೆದದ್ದು ಹಡಗಿನ ಡೆಕ್ ಮೇಲೆ. ಅಲ್ಲಿ ಅದಕ್ಕೆ ಡೆಕ್ ಟೆನಿಸ್ ಅನ್ನುತ್ತಿದ್ದರು. ಸಾಗುವ ಹಡಗಿನ ಮೇಲೆ ಚೆಂಡು ಹಿಡಿದು ಆಡಿದರೆ ಆ ಚೆಂಡು ಸಮುದ್ರದ ಪಾಲು ಅಂತಲೇ ತಿಳಿಯಿರಿ. ಪುಟಿಯುತ್ತದೆ, ಉರುಳುತ್ತದೆ, ಕಟಕಟೆ ದಾಟಿ ಹೋಗುತ್ತದೆ. ಹಗ್ಗದ ಬಳೆ ಹಾಗಲ್ಲ. ಬಿದ್ದಲ್ಲೇ ಬಿದ್ದಿರುತ್ತದೆ. ಕಟ್ಟಿಗೆ ನೆಲಕ್ಕೂ ಪೆಟ್ಟಾಗುವುದಿಲ್ಲ. ಈ ಆಟವನ್ನು 1920ರ ದಶಕದಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಊರಿನ ಅಧಿಕಾರಿಯೊಬ್ಬರು ಹಡಗಿನಲ್ಲಿ ಕಂಡು ತಮ್ಮೂರಿಗೆ ಒಯ್ದರು. ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ಚೆನ್ನೈಯಲ್ಲಿ, 2006ರಲ್ಲಿ. ಹುಟ್ಟಿದ ಜಾಗದಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕು, ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಅದು ಮಾಮೂಲಿ!

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಹಳ ಜನ ಇದಕ್ಕೆ 'ಕಾಲ ಬದಲಾಯಿತು, ಜನರ ರುಚಿ ಬದಲಾಯಿತು' ಅಂತ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಆ ಆಟಗಳನ್ನು ಕಂಪನಿಯವರು ಪ್ರಯಾಣಿಕರಿಗೆ ಕೊಟ್ಟದ್ದಲ್ಲ. ಬೇಸರ ಕಳೆಯಲು ಪ್ರಯಾಣಿಕರೇ ಕಟ್ಟಿಕೊಂಡದ್ದು. ಬೇಸರ ಕಳೆಯುವ ಕೆಲಸ ಕಂಪನಿಯ ಕೈಗೆ ಹೋಯಿತು, ಅದಕ್ಕೊಂದು ಬೆಲೆ ಬಂತು. ಆಮೇಲೆ ಪುಕ್ಕಟೆ ಆಟ ಯಾರಿಗೆ ಬೇಕು ಹೇಳಿ?

ನಿಮ್ಮ ತಂದೆಯವರ ಕಾಲದ ಹಡಗು ಹೇಗಿರುತ್ತಿತ್ತು ನೋಡಿ. ಆಗ ಪಿ ಆ್ಯಂಡ್ ಒ ಕಂಪನಿಯ ಸ್ಟ್ರಾತ್‌ಮೋರ್, ಸ್ಟ್ರಾತ್‌ಈಡನ್ ಅಂಥ ಹಡಗುಗಳು ಮುಂಬೈ ಮುಟ್ಟಿ, ಏಡನ್, ಸೂಯೆಜ್ ಕಾಲುವೆ, ಪೋರ್ಟ್ ಸೈದ್ ಹಾದು ಇಂಗ್ಲೆಂಡಿನ ಟಿಲ್ಬರಿಗೆ ಹೋಗುತ್ತಿದ್ದವು. ಎರಡರಿಂದ ಮೂರು ವಾರದ ದಾರಿ. ಹಡಗಿನಲ್ಲಿ ಸುಮಾರು ಸಾವಿರ ಜನ. ಅದರಲ್ಲೂ ಫಸ್ಟ್ ಕ್ಲಾಸಿನವರ ಡೆಕ್ ಬೇರೆ, ಟೂರಿಸ್ಟ್ ಕ್ಲಾಸಿನವರದು ಬೇರೆ. ಅಂದರೆ ದಿನಾ ಮುಖ ನೋಡುವವರು ನಾನೂರು ಐನೂರು ಮಂದಿ. ಮೂರನೇ ದಿನಕ್ಕೆ ಮುಖ ಪರಿಚಯ, ಐದನೇ ದಿನಕ್ಕೆ ಹೆಸರು, ಹತ್ತನೇ ದಿನಕ್ಕೆ ಯಾರಿಗೆ ಯಾರು ಆಗಿಬರುವುದಿಲ್ಲ ಅನ್ನೋದೂ ಗೊತ್ತಾಗಿರುತ್ತದೆ.

ಹಡಗು ಹೊರಟು ಒಂದೆರಡು ದಿನಕ್ಕೆ ಪ್ರಯಾಣಿಕರೇ ಸೇರಿ ಒಂದು ಆಟದ ಕಮಿಟಿ ಮಾಡುತ್ತಿದ್ದರು. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ. ತಲೆಗಿಷ್ಟು ಅಂತ ವಂತಿಗೆ. ಯಾವ ಆಟಕ್ಕೆ ಯಾರು ಹೆಸರು ಕೊಟ್ಟಿದ್ದಾರೆ, ಯಾರ ಎದುರು ಯಾರು ಅನ್ನುವ ಪಟ್ಟಿ ಬೋರ್ಡಿಗೆ ಬೀಳುತ್ತಿತ್ತು. ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್ ಡಬಲ್ಸ್ ಎಲ್ಲ ಇತ್ತು. ಕೊನೆಯ ಬಂದರು ಬರುವ ಮುಂಚೆ ಬಹುಮಾನ ಹಂಚಿಕೆ. ಹಡಗಿನ ಅಧಿಕಾರಿಗಳು ಸಾಮಾನು ಒದಗಿಸಿ ಪಕ್ಕಕ್ಕೆ ನಿಲ್ಲುತ್ತಿದ್ದರು, ಅಷ್ಟೇ. ಜಗಳ ಬಿಡಿಸುವುದೂ ಕಮಿಟಿಯದೇ ಕೆಲಸ.

ಆ ಹಗ್ಗದ ಬಳೆ ಮಾಡುವುದನ್ನು ಒಮ್ಮೆ ನೋಡಬೇಕು ಸರ್. ಮೂರೆಳೆಯ ಹಗ್ಗ ತಗೊಂಡು, ಅದರಿಂದ ಒಂದೇ ಎಳೆ ಬಿಚ್ಚುತ್ತಾರೆ. ಬಿಚ್ಚಿದ ಎಳೆಯಲ್ಲಿ ಮೊದಲಿನ ತಿರುವು ಹಾಗೇ ಉಳಿದಿರುತ್ತದೆ, ಸುರುಳಿ ಸುರುಳಿಯಾಗಿ. ಅದನ್ನು ಬಳೆಯಾಗಿ ಬಗ್ಗಿಸಿ, ಅದೇ ಎಳೆಯನ್ನು ಅದರ ಮೇಲೆ ಇನ್ನೂ ಎರಡು ಸುತ್ತು ಹೊಸೆದರೆ ತಿರುವಿನಲ್ಲಿ ತಿರುವು ಕೂತು ಮತ್ತೆ ಮೂರೆಳೆಯ ಹಗ್ಗವೇ ಆಗುತ್ತದೆ. ತುದಿ ಒಳಗೆ ಸಿಕ್ಕಿಸಿದರೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೊತ್ತಾಗುವುದಿಲ್ಲ. ಗಂಟು ಇಲ್ಲವೇ ಇಲ್ಲ. ಹಳಬರಾದ ಖಲಾಸಿಗಳು ಮಾತಾಡುತ್ತಾ ಮಾತಾಡುತ್ತಾ ಇದನ್ನು ಮುಗಿಸಿಬಿಡುತ್ತಾರೆ. ಇದೇ ಬಳೆಯನ್ನು ಗೂಟಕ್ಕೆ ಎಸೆದರೆ ಒಂದು ಆಟ, ಬಕೆಟ್‌ಗೆ ಎಸೆದರೆ ಇನ್ನೊಂದು, ಬಲೆಯ ಮೇಲಿಂದ ಎಸೆದು ಹಿಡಿದರೆ ಡೆಕ್ ಟೆನಿಸ್.

ಕೋಲಿನಿಂದ ಬಿಲ್ಲೆ ತಳ್ಳುವುದು ಶಫಲ್‌ಬೋರ್ಡ್. ಎರಡು ಬಣ್ಣದ ನಾಲ್ಕು ನಾಲ್ಕು ಬಿಲ್ಲೆ. ನೆಲದ ಮೇಲೆ ಬಿಡಿಸಿದ ಮನೆಗಳಲ್ಲಿ 10, 8, 7 ಅಂತ ಅಂಕ. ಒಂದು ಮನೆ ಮಾತ್ರ ಕೇಡಿನದು, ಅಲ್ಲಿ ನಿಂತರೆ ಇದ್ದದ್ದರಲ್ಲಿ 10 ಕಡಿಮೆ. ಹೊಸಬರು ತಮ್ಮ ಬಿಲ್ಲೆಯನ್ನು ಹತ್ತರ ಮನೆಗೆ ಕಳಿಸಲು ಒದ್ದಾಡುತ್ತಾರೆ. ಪಳಗಿದವರು ಎದುರಾಳಿಯ ಬಿಲ್ಲೆಯನ್ನು ಕೇಡಿನ ಮನೆಗೆ ತಳ್ಳುವುದರಲ್ಲಿ ಇರುತ್ತಾರೆ. ಹಡಗು ಒಂದು ಕಡೆ ವಾಲಿ ಮತ್ತೊಂದು ಕಡೆ ಹೊರಳುವ ಹೊತ್ತು ನೋಡಿಕೊಂಡು ತಳ್ಳಬೇಕು. ಪೆನ್ಶನ್ ಬಂದ ಹೆಣ್ಣುಮಕ್ಕಳು ಇದರಲ್ಲಿ ಹುರಿಯಾಳುಗಳನ್ನು ಸೋಲಿಸಿದ್ದನ್ನು ನಾನೇ ಕಂಡಿದ್ದೇನೆ. ತೋಳಿನ ಬಲಕ್ಕೆ ಇಲ್ಲಿ ಬೆಲೆ ಇಲ್ಲ.

ಮೈಲಿಯ ಪಣದ ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. ಹಡಗಿನಲ್ಲಿ ದಿನದ ಲೆಕ್ಕ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ. ಅಧಿಕಾರಿಗಳು ಸೂರ್ಯನ ಎತ್ತರ ಅಳೆದು ಹಡಗು ಎಲ್ಲಿದೆ ಅಂತ ಗುರುತು ಹಾಕಿ, ನಿನ್ನೆಯಿಂದ ಇವತ್ತಿಗೆ ಸಾಗಿದ ದೂರವನ್ನು ಬೋರ್ಡಿಗೆ ಹಾಕುತ್ತಿದ್ದರು. 18ರಿಂದ 20 ನಾಟ್ ವೇಗದಲ್ಲಿ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ ಸಮುದ್ರದ ಮೈಲಿ) ಓಡುವ ಹಡಗು ದಿನಕ್ಕೆ 430ರಿಂದ 480 ನಾಟಿಕಲ್ ಮೈಲಿ ಸಾಗುತ್ತದೆ. ಹಿಂದಿನ ರಾತ್ರಿ ಸ್ಮೋಕಿಂಗ್ ರೂಮಿನಲ್ಲಿ ಒಂದೊಂದು ಅಂಕಿಯನ್ನೂ ಹರಾಜು ಹಾಕುತ್ತಿದ್ದರು. ಕೂಡಿದ ದುಡ್ಡಿನಲ್ಲಿ ಒಂದು ಪಾಲು ನಾವಿಕರ ಸಹಾಯನಿಧಿಗೆ, ಉಳಿದದ್ದು ಗೆದ್ದವನಿಗೆ. ಇದರಲ್ಲಿ ಒಂದು ಒಳಗುಟ್ಟು ಇತ್ತು. ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ಗಡಿಯಾರವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗಿಸುತ್ತಾ ಹೋಗುತ್ತಾರೆ. ಹಾಗಾಗಿ ಆ ದಿನಗಳು 24 ಗಂಟೆಗಿಂತ ಉದ್ದ. ಅರ್ಧ ಗಂಟೆ ಜಾಸ್ತಿ ಸಿಕ್ಕರೆ ಒಂಬತ್ತು ಹತ್ತು ಮೈಲಿ ಜಾಸ್ತಿ. ಲೆಕ್ಕ ಬಲ್ಲವನು ಹೋಗುವಾಗ ಮೇಲಿನ ಅಂಕಿ ಹಿಡಿಯುತ್ತಿದ್ದ, ಬರುವಾಗ ಕೆಳಗಿನದು. ನಿಮ್ಮ ತಂದೆಯವರಿಗೆ ಗಣಿತ ಬರುತ್ತಿದ್ದರೆ ಖಂಡಿತ ಒಂದೆರಡು ಸಲ ಗೆದ್ದಿರುತ್ತಾರೆ!

ಈಗ ಆ ಪಣ ಕಟ್ಟಲು ಏನು ಉಳಿದಿದೆ? ಹಡಗು ಎಲ್ಲಿದೆ, ಎಷ್ಟು ವೇಗದಲ್ಲಿದೆ ಅನ್ನುವುದನ್ನು ಕ್ಯಾಬಿನ್ನಿನ ಟೀವಿ ದಿನವಿಡೀ ತೋರಿಸುತ್ತಾ ಇರುತ್ತದೆ. ಮಧ್ಯಾಹ್ನಕ್ಕೆ ಕಾಯುವ ಕುತೂಹಲವೇ ಹೋಯಿತು.

ಕುದುರೆ ರೇಸು ಇನ್ನೂ ಸರಳ. ನೆಲದ ಮೇಲೆ ಮನೆ ಬರೆದ ಉದ್ದನೆ ಕ್ಯಾನ್ವಾಸ್, ಆರು ಕಟ್ಟಿಗೆ ಕುದುರೆ, ಎರಡು ದಾಳ. ಒಂದು ದಾಳ ಯಾವ ಕುದುರೆ ಅಂತ ಹೇಳುತ್ತದೆ, ಇನ್ನೊಂದು ಎಷ್ಟು ಮನೆ ಅಂತ. ಜಾಕಿಗಳಾಗಿ ಪ್ರಯಾಣಿಕರೇ ಕುದುರೆ ಎತ್ತಿಡುತ್ತಾರೆ. ಕುದುರೆಗಳನ್ನು ಹರಾಜಿನಲ್ಲಿ ಕೊಂಡ ಮಾಲೀಕರು ಅವಕ್ಕೆ ತಮಾಷೆಯ ಹೆಸರಿಟ್ಟು, ರೇಸಿನ ದಿನ ಟೋಪಿ ಹಾಕಿಕೊಂಡು ಬರುತ್ತಿದ್ದರು. ಇನ್ನು ಮಾಮೂಲಿ ನಿಂಬೆಹಣ್ಣು ಚಮಚದ ಓಟದ ತರಹದ್ದು, ಮೂರು ಕಾಲಿನ ಓಟ, ಕಣ್ಣು ಕಟ್ಟಿಕೊಂಡು ನೆಲದ ಮೇಲೆ ಬರೆದ ಹಂದಿಗೆ ಸುಣ್ಣದ ಕಡ್ಡಿಯಿಂದ ಕಣ್ಣು ಇಡೋದು, ವೇಷ ಹಾಕುವ ಸ್ಪರ್ಧೆ. ವೇಷಕ್ಕೆ ಕ್ಯಾಬಿನ್ನಿನ ಹಾಸಿಗೆ ಚಾದರವೇ ಬಂಡವಾಳ. ಪೋರ್ಟ್ ಸೈದ್ ಬಂತೆಂದರೆ ಈಜಿಪ್ಟಿನ ಜಾದೂಗಾರರು ಹಡಗು ಹತ್ತುತ್ತಿದ್ದರು. 'ಗಲಿ ಗಲಿ' ಅನ್ನುತ್ತಾ ಪ್ರಯಾಣಿಕರ ಜೇಬಿನಿಂದ, ಮಕ್ಕಳ ಅಂಗಿಯಿಂದ ಜೀವಂತ ಕೋಳಿಮರಿ ತೆಗೆಯುತ್ತಿದ್ದರು. ನಿಮ್ಮ ತಂದೆಯವರ ಕಥೆಯಲ್ಲಿ ಕೋಳಿಮರಿ ಬಂದಿತ್ತಾ, ನೆನಪು ಮಾಡಿಕೊಳ್ಳಿ.

ಇದೆಲ್ಲಕ್ಕೆ ಮೊದಲ ಪೆಟ್ಟು ಕೊಟ್ಟದ್ದು ವಿಮಾನ. 1958ರ ಅಕ್ಟೋಬರಿನಲ್ಲಿ ಲಂಡನ್–ನ್ಯೂಯಾರ್ಕ್ ನಡುವೆ ಜೆಟ್ ವಿಮಾನ ಶುರುವಾಯಿತು. ಹತ್ತು ವರ್ಷದಲ್ಲಿ ದೊಡ್ಡ ದೊಡ್ಡ ಹಡಗುಗಳು ಮೂಲೆ ಸೇರಿದವು. ನಮ್ಮ ದಾರಿಯಲ್ಲಂತೂ 1967ರಲ್ಲಿ ಸೂಯೆಜ್ ಕಾಲುವೆಯೇ ಮುಚ್ಚಿ 1975ರ ತನಕ ತೆರೆಯಲಿಲ್ಲ. ಊರಿಂದ ಊರಿಗೆ ಹೋಗಲು ಹಡಗು ಬೇಡವಾಯಿತು. ಆಮೇಲೆ ಹಡಗು ಉಳಿದದ್ದು ಸುತ್ತಾಡಲು ಮಾತ್ರ.

ಇಲ್ಲಿ ಒಂದು ಕಥೆ ಹೇಳಲೇಬೇಕು. 1972ರಲ್ಲಿ ಅಮೆರಿಕದ ಮಯಾಮಿಯಲ್ಲಿ ಕಾರ್ನಿವಲ್ ಕಂಪನಿ ಮಾರ್ಡಿ ಗ್ರಾ ಎಂಬ ಹಳೇ ಹಡಗು ಕೊಂಡು ವ್ಯಾಪಾರ ಶುರು ಮಾಡಿತು. ಮೊದಲ ಪ್ರಯಾಣದಲ್ಲೇ ಹಡಗು ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಕೈಯಲ್ಲಿ ದುಡ್ಡಿಲ್ಲ, ಎಣ್ಣೆ ಖರ್ಚು ಬೇರೆ. ಹಡಗನ್ನು ನಿಧಾನ ಓಡಿಸಿ, ಬಂದರುಗಳನ್ನು ಕಡಿಮೆ ಮಾಡಿ, ಆ ಹೊತ್ತನ್ನು ಹಡಗಿನೊಳಗೇ ಡಿಸ್ಕೊ, ಕ್ಯಾಸಿನೊ, ಪಾರ್ಟಿಗಳಿಂದ ತುಂಬಿದರು. 'ಫನ್ ಶಿಪ್' ಅಂತ ಹೆಸರಿಟ್ಟರು. ಜನ ಮುಗಿಬಿದ್ದರು. ಹಡಗಿನ ಮೇಲಿನ ಖಾಲಿ ಹೊತ್ತು ಕೂಡ ಮಾರಾಟದ ಸರಕು ಅನ್ನುವುದು ಇಡೀ ಉದ್ಯಮಕ್ಕೆ ಅರ್ಥವಾದದ್ದು ಆಗ. ಇವತ್ತು ದೊಡ್ಡ ಕ್ರೂಸ್ ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಟಿಕೆಟ್ಟಿನಿಂದ ಬರುವುದಲ್ಲ. ಹಡಗು ಹತ್ತಿದ ಮೇಲೆ ನೀವು ಮಾಡುವ ಖರ್ಚಿನಿಂದ ಬರುತ್ತದೆ. ಕುಡಿತ, ಕ್ಯಾಸಿನೊ, ಸ್ಪಾ, ಬೇರೆ ದುಡ್ಡು ಕೊಟ್ಟು ಉಣ್ಣುವ ಹೋಟೆಲು, ಫೋಟೊ, ವೈಫೈ.

ಈಗ ಕಂಪನಿಯ ಮ್ಯಾನೇಜರ್ ಜಾಗದಲ್ಲಿ ಕೂತು ಯೋಚನೆ ಮಾಡಿ. ಮೇಲಿನ ಡೆಕ್ಕಿನಲ್ಲಿ ಶಫಲ್‌ಬೋರ್ಡಿಗೆ ಉದ್ದನೆಯ ಜಾಗ ಬೇಕು. ಅಲ್ಲಿ ನಾಲ್ಕೇ ಜನ ಆಡುತ್ತಾರೆ. ಗಂಟೆಗಟ್ಟಲೆ ಆಡುತ್ತಾರೆ. ಒಂದು ಪೈಸೆ ಹುಟ್ಟುವುದಿಲ್ಲ. ಅದೇ ಜಾಗದಲ್ಲಿ ಒಂದು ಬಾರ್ ಹಾಕಿದರೆ? ನನಗೆ ಗೊತ್ತಿರುವ ಹಡಗುಗಳಲ್ಲಿ ಶಫಲ್‌ಬೋರ್ಡಿನ ಕೋರ್ಟನ್ನು ಯಾರೂ ಒಂದು ದಿನ ಕೂತು ತೆಗೆದುಹಾಕಲಿಲ್ಲ. ಮೊದಲು ಅದರ ಮೇಲೆ ಬಿಸಿಲು ಕಾಯುವ ಕುರ್ಚಿ ಬಂದವು. ಬೆಳಿಗ್ಗೆ ಹತ್ತಕ್ಕೆ 'ಶಫಲ್‌ಬೋರ್ಡ್ ಟೂರ್ನಮೆಂಟ್' ಅಂತ ದಿನದ ಪಟ್ಟಿಯಲ್ಲಿ ಇರುತ್ತಿತ್ತು. ನಾನು ಕೋಲು ಬಿಲ್ಲೆ ಹೊತ್ತುಕೊಂಡು ಹೋದರೆ ಹತ್ತರ ಮನೆಯ ಮೇಲೆ ಯಾರೋ ಟವೆಲ್ ಹಾಸಿ ಮಲಗಿರುತ್ತಿದ್ದರು. ಆಡಲು ಬಂದವರು ನಾಲ್ಕು ಮಂದಿ, ಮಲಗಿದವರು ನಲವತ್ತು. ಯಾರನ್ನು ಎಬ್ಬಿಸಲಿ? ದುಡ್ಡು ಕೊಟ್ಟು ಬಂದವರು ಇಬ್ಬರೂ. ಕೆಲವು ತಿಂಗಳು ಹೀಗೇ ನಡೆದು, 'ಜನ ಬರುತ್ತಿಲ್ಲ' ಅಂತ ಒಂದು ವರದಿ ಹೋಯಿತು. ಪಟ್ಟಿಯಿಂದ ಆ ಸಾಲು ಬಿತ್ತು. ಮುಂದಿನ ಸಲ ಡೆಕ್ಕಿಗೆ ಬಣ್ಣ ಬಳಿದಾಗ ಗೆರೆಗಳೂ ಹೋದವು.

ಹಡಗಿನ ಗಾತ್ರದ ಸಂಗತಿ ಇದಕ್ಕಿಂತ ದೊಡ್ಡದು. 1988ರಲ್ಲಿ ಸಾವರಿನ್ ಆಫ್ ದಿ ಸೀಸ್ ಬಂದಾಗ ಅದರ ಗಾತ್ರ ಸುಮಾರು 73,000 ಟನ್ (ಇದು ತೂಕವಲ್ಲ, ಹಡಗಿನ ಒಳಜಾಗದ ಅಳತೆ), ಎಲ್ಲರೂ ಬಾಯಿ ಬಿಟ್ಟು ನೋಡಿದರು. 1999ರಲ್ಲಿ ವಾಯೇಜರ್ ಆಫ್ ದಿ ಸೀಸ್ ಹಡಗಿನೊಳಗೆ ಐಸ್ ಮೇಲೆ ಸ್ಕೇಟಿಂಗ್ ಮಾಡುವ ಅಂಗಳ, ಬಂಡೆ ಹತ್ತುವ ಗೋಡೆ ಬಂದವು. 2017ರಲ್ಲಿ ನಾರ್ವೇಜಿಯನ್ ಜಾಯ್ ಮೇಲೆ ಕಾರ್ ರೇಸಿನ ಟ್ರ್ಯಾಕ್. 2021ರಲ್ಲಿ ಕಾರ್ನಿವಲ್‌ನವರ ಹೊಸ ಮಾರ್ಡಿ ಗ್ರಾ ಮೇಲೆ ರೋಲರ್ ಕೋಸ್ಟರ್. 2024ರ ಜನವರಿಯಲ್ಲಿ ಬಂದ ಐಕಾನ್ ಆಫ್ ದಿ ಸೀಸ್ ಸುಮಾರು 2,48,000 ಟನ್, 20 ಡೆಕ್, ಏಳು ಈಜುಕೊಳ, ಆರು ನೀರಿನ ಜಾರುಬಂಡೆ. ತುಂಬಿದರೆ 7,600 ಪ್ರಯಾಣಿಕರು. ನಮ್ಮ ಕಡೆ ಒಂದು ದೊಡ್ಡ ಹಳ್ಳಿಯ ಜನಸಂಖ್ಯೆ ಅದು. ಅಲ್ಲಿ ಬೆಳಿಗ್ಗೆ ನಾಷ್ಟಾಕ್ಕೆ ಪಕ್ಕದಲ್ಲಿ ಕೂತವರನ್ನು ಇಡೀ ವಾರ ಮತ್ತೆ ನೋಡುವುದಿಲ್ಲ. ಟೂರ್ನಮೆಂಟ್ ಅಂದರೆ ಸೋಮವಾರ ಗೆದ್ದವನು ಬುಧವಾರ ಮತ್ತೆ ಬರಬೇಕು, ಸೋತವನು ಅವನ ಕಾಲೆಳೆಯಲು ನಿಂತಿರಬೇಕು. ಅಪರಿಚಿತರ ಸಂತೆಯಲ್ಲಿ ಅದು ಸಾಗುವುದಿಲ್ಲ.

ಊಟದ ಮೇಜಿನ ಪಾತ್ರವನ್ನೂ ಜನ ಮರೆಯುತ್ತಾರೆ. ಮೊದಲು ರಾತ್ರಿ ಊಟಕ್ಕೆ ಎರಡು ಪಾಳಿ, ನಿಮಗೆ ಒಂದು ಮೇಜು, ಪ್ರಯಾಣ ಮುಗಿಯುವ ತನಕ ಅದೇ ಆರೆಂಟು ಜನ. ಆಟದ ಜೋಡಿಗಳು ಹುಟ್ಟುತ್ತಿದ್ದದ್ದೇ ಅಲ್ಲಿ. 2000ರ ಸುಮಾರಿಗೆ ನಾರ್ವೇಜಿಯನ್ ಕಂಪನಿ 'ಬೇಕಾದಾಗ ಬನ್ನಿ, ಬೇಕಾದಲ್ಲಿ ಕೂಡ್ರಿ' ಅನ್ನುವ ಪದ್ಧತಿ ತಂದಿತು. ಬೇರೆಯವರೂ ಅದೇ ದಾರಿ ಹಿಡಿದರು. ಜನರಿಗೆ ಅನುಕೂಲವಾಯಿತು, ಸುಳ್ಳಲ್ಲ. ಮೇಜಿನ ಗೆಳೆತನ ಮಾತ್ರ ಹೋಯಿತು.

ಇದು ನಮ್ಮ ಮದುವೆಗಳಲ್ಲಿ ಆದದ್ದೇ ಅಲ್ವಾ? ಮನೆ ಮುಂದೆ ಹಂದರ ಹಾಕಿ ನಾಲ್ಕೈದು ದಿನ ನಡೆಯುವ ಮದುವೆಯಲ್ಲಿ ಒಡಪು ಹಾಕಿ ಹೆಸರು ಹೇಳಿಸುವುದು, ಬೀಗರನ್ನು ಕಾಡಿಸುವ ಹಾಡು, ರಾತ್ರಿ ಗಂಡಸರ ಇಸ್ಪೀಟು ಎಲ್ಲ ತಾನಾಗಿ ಹುಟ್ಟುತ್ತಿತ್ತು. ಒಂದು ದಿನದ ಕಲ್ಯಾಣ ಮಂಟಪಕ್ಕೆ ಬಂದ ಮೇಲೆ ಆರ್ಕೆಸ್ಟ್ರಾ ಕರೆಸಬೇಕಾಯಿತು. ಆರ್ಕೆಸ್ಟ್ರಾ ಕೆಟ್ಟದ್ದು ಅಂತಲ್ಲ. ಕೂತು ನೋಡುವುದು ಬಿಟ್ಟು ನಮಗೆ ಅಲ್ಲಿ ಬೇರೆ ಕೆಲಸ ಇಲ್ಲ.

ಕಾನೂನಿನಿಂದ ಹೋದವೂ ಇವೆ. ಹಡಗಿನ ಹಿಂಬದಿಯಿಂದ ಗಾಲ್ಫ್ ಚೆಂಡು ಹೊಡೆಯುವುದು, ಮಣ್ಣಿನ ತಟ್ಟೆ ಹಾರಿಸಿ ಬಂದೂಕಿನಿಂದ ಗುಂಡು ಹೊಡೆಯುವುದು ಒಂದು ಕಾಲಕ್ಕೆ ದೊಡ್ಡ ಆಕರ್ಷಣೆ. 1988ರ ಡಿಸೆಂಬರ್ 31ರಿಂದ ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯುವುದಕ್ಕೆ ಅಂತರರಾಷ್ಟ್ರೀಯ ನಿಷೇಧ ಬಂತು. ಗಾಲ್ಫ್ ಚೆಂಡಿನ ಕಥೆ ಅಲ್ಲಿಗೆ ಮುಗಿಯಿತು. ಹೊರಡುವಾಗ ದಡದವರತ್ತ ಬಣ್ಣದ ಕಾಗದದ ಸುರುಳಿ ಎಸೆಯುವುದೂ ನಿಂತಿತು. ನೀರಿನ ಮೇಲೆ ಅಡ್ಡಲಾಗಿ ಕಟ್ಟಿದ ಕಂಬದ ಮೇಲೆ ಕೂತು ದಿಂಬಿನಿಂದ ಬಡಿದಾಡುವ ಆಟವನ್ನು ಈಗಿನ ವಿಮೆ ಕಂಪನಿಗಳ ಮುಂದೆ ಹೇಳಿ ನೋಡಿ, ಗಾಬರಿಯಾಗುತ್ತಾರೆ. ಇವು ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ.

ಯಾರೂ ಹೇಳದ ಒಂದು ಕಾರಣ ಭಾಷೆ. ಮೊದಲು ಇಡೀ ಹಡಗಿಗೆ ಒಂದೇ ಭಾಷೆ ಸಾಕಿತ್ತು. ಈಗ ಯುರೋಪಿನ ದೊಡ್ಡ ಹಡಗುಗಳಲ್ಲಿ ಒಂದೇ ಪ್ರಕಟಣೆಯನ್ನು ಐದು ಭಾಷೆಯಲ್ಲಿ ಓದುತ್ತಾರೆ. ಮಾತಿನ ಆಟ, ಪದದ ಆಟ, ಅಣಕು ನಾಟಕ, ಪ್ರಯಾಣಿಕರೇ ಮಾಡುವ ಪ್ರಹಸನ ಅಲ್ಲಿ ನಡೆಸುವುದು ಹೇಗೆ? ಇಟಲಿಯವನು ನಕ್ಕಾಗ ಜರ್ಮನಿಯವನು ಸುಮ್ಮನೆ ಕೂತಿರುತ್ತಾನೆ. ಮಾತು ಬೇಡದ ಮನರಂಜನೆಗಳು ಗೆದ್ದವು. ಸಂಗೀತ, ಕುಣಿತ, ಸರ್ಕಸ್ಸು, ಐಸ್ ಮೇಲಿನ ಪ್ರದರ್ಶನ. ಬಿಂಗೊ ಉಳಿಯಿತು, ಅಂಕಿ ಎಲ್ಲರಿಗೂ ಗೊತ್ತಲ್ಲ! ನಿಮ್ಮ ಕ್ಲಬ್ಬಿನಲ್ಲಿ ಆಡುವ ತಂಬೋಲಾದ ಅಣ್ಣ ಅದು. ಹಡಗಿನಲ್ಲಿ ಅದರ ಚೀಟಿಗೂ ದುಡ್ಡು.

ಹಳೇದೆಲ್ಲ ಬಂಗಾರ ಅಂತಲೂ ನಾನು ಹೇಳುವುದಿಲ್ಲ. ಆ ಕಮಿಟಿಗಳಲ್ಲಿ ಯಾರು ಇರಬೇಕು ಅನ್ನುವುದರಲ್ಲಿ ಬಣ್ಣ, ದರ್ಜೆ, ದೊಡ್ಡಸ್ತಿಕೆ ಎಲ್ಲ ನಡೆಯುತ್ತಿತ್ತು. ಮೇಲಿನ ದರ್ಜೆಯ ಡೆಕ್ಕಿಗೆ ಕೆಳಗಿನವರು ಕಾಲಿಡುವಂತಿರಲಿಲ್ಲ. ಆಟಕ್ಕೆ ಬರಲು ಮನಸ್ಸಿಲ್ಲದವರನ್ನು ಎಳೆದು ತರುವ ಕಾಟವೂ ಇತ್ತು. ಒಬ್ಬರೇ ಪುಸ್ತಕ ಹಿಡಿದು ಕೂಡಬೇಕು ಅನ್ನುವವರಿಗೆ ಇವತ್ತಿನ ದೊಡ್ಡ ಹಡಗೇ ವಾಸಿ, ಯಾರೂ ಮಾತಾಡಿಸುವುದಿಲ್ಲ.

ಇನ್ನು ನೀವು ಹೋದ ತರಹದ ಪ್ರಯಾಣ. ನಮ್ಮ ದೇಶದಿಂದ ಹೊರಡುವ ಕ್ರೂಸ್‌ಗಳು ಹೆಚ್ಚಾಗಿ ಎರಡರಿಂದ ಐದು ರಾತ್ರಿಯವು. ಸಂಜೆ ಹತ್ತುತ್ತೀರಿ, ಸುರಕ್ಷತಾ ತಾಲೀಮು ಮುಗಿಯುತ್ತದೆ, ಹಡಗು ದಡದಿಂದ 12 ನಾಟಿಕಲ್ ಮೈಲಿಯ ಜಲಗಡಿ ದಾಟಿದ ಮೇಲೆ ಕ್ಯಾಸಿನೊ ತೆರೆಯುತ್ತದೆ, ಮರುದಿನ ಬಂದರು. ಆಟ ಕಲಿಯಲು, ಸೋಲಲು, ಸೇಡು ತೀರಿಸಿಕೊಳ್ಳಲು ಪುರುಸೊತ್ತೆಲ್ಲಿ? ಆದರೂ ನಮ್ಮ ಜನ ಪೂರ್ತಿ ಕೈ ಬಿಟ್ಟಿಲ್ಲ. ಇಂಥ ಹಡಗುಗಳಲ್ಲಿ ಅಂತ್ಯಾಕ್ಷರಿ ಇಟ್ಟರೆ ಹಾಲ್ ತುಂಬುತ್ತದೆ. ಗುಜರಾತಿ ಕುಟುಂಬಗಳು ತಾವೇ ಗರ್ಬಾ ಶುರು ಮಾಡಿಬಿಡುತ್ತವೆ. ಮುಂಬೈ–ಗೋವಾ ನಡುವೆ ರತ್ನಾಗಿರಿ, ಮಾಲವಣ, ವೆಂಗುರ್ಲಾ ಮುಟ್ಟಿಕೊಂಡು ಓಡುತ್ತಿದ್ದ ಕೊಂಕಣದ ಸ್ಟೀಮರ್‌ಗಳಲ್ಲೂ ಹೀಗೇ. ಡೆಕ್ ಮೇಲೆ ಜಮಖಾನೆ ಹಾಸಿ, ಇಸ್ಪೀಟು, ಭಜನೆ, ಹಾಡು. ರೈಲು ಬರುವ ಮುಂಚೆ ನಮ್ಮ ಬೆಳಗಾವಿಗೆ ಸಮುದ್ರದ ಬಾಗಿಲು ಅಂದರೆ ಅದೇ ವೆಂಗುರ್ಲಾ. ಹಾಗಾಗಿ ಸಮುದ್ರ ನಮಗೆ ತೀರಾ ದೂರದ್ದೇನೂ ಅಲ್ಲ.

ಎಲ್ಲಿ ಉಳಿದಿವೆ ಅಂತ ಕೇಳಿದಿರಿ. ಹಡಗಿನ ಹೆಸರಿಗಿಂತ ಮೊದಲು ದಾರಿ ನೋಡಿ. ಬಂದರಿಲ್ಲದೆ ಬರೀ ಸಮುದ್ರದಲ್ಲೇ ಕಳೆಯುವ ದಿನಗಳು ಎಷ್ಟಿವೆ ಅನ್ನುವುದೇ ಮುಖ್ಯ. ಕ್ಯೂನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಇವತ್ತಿಗೂ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಏಳು ರಾತ್ರಿಯಲ್ಲಿ ಹೋಗುತ್ತದೆ. ನಡುವೆ ಒಂದೂ ಬಂದರಿಲ್ಲದ ಪ್ರಯಾಣಗಳೇ ಜಾಸ್ತಿ. 2004ರಲ್ಲಿ ಓಡಾಟ ಶುರು ಮಾಡಿದ ಹಡಗು, ಸುಮಾರು 2,700 ಜನ. ಮೇಲಿನ ಡೆಕ್ಕಿನಲ್ಲಿ ಶಫಲ್‌ಬೋರ್ಡ್, ಬಳೆ ಎಸೆಯುವ ಆಟ ಎರಡೂ ಇವೆ. ಒಳಗೆ ದೊಡ್ಡ ಲೈಬ್ರರಿ, ಇಸ್ಪೀಟಿನ ಬ್ರಿಜ್ ಆಡುವವರ ಗುಂಪು, ಬಾಲ್‌ರೂಮ್ ಕುಣಿತದ ಹಾಲ್. ಒಂಟಿಯಾಗಿ ಬಂದ ಹೆಣ್ಣುಮಕ್ಕಳ ಜೊತೆ ಕುಣಿಯಲು ಕಂಪನಿಯೇ ಸಭ್ಯ ಹಿರಿಯ ಗಂಡಸರನ್ನು ಇಟ್ಟಿರುತ್ತದೆ. ನಿಮ್ಮ ಮನೆಯವರಿಗೆ ಇದನ್ನು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು!

ಅದು ದುಬಾರಿ ಅನಿಸಿದರೆ ಇನ್ನೊಂದು ದಾರಿ ಇದೆ. ಕೆರಿಬಿಯನ್‌ನಲ್ಲಿ ಚಳಿಗಾಲ ಕಳೆದ ಹಡಗುಗಳು ಏಪ್ರಿಲ್, ಮೇ ಹೊತ್ತಿಗೆ ಅಟ್ಲಾಂಟಿಕ್ ದಾಟಿ ಯುರೋಪಿಗೆ ಬರುತ್ತವೆ. ಸೆಪ್ಟೆಂಬರ್ ಆದ ಮೇಲೆ ವಾಪಸ್ ಹೋಗುತ್ತವೆ. ಇದಕ್ಕೆ ರಿಪೊಸಿಷನಿಂಗ್ ಕ್ರೂಸ್ ಅಂತಾರೆ. ಹಡಗು ಹೇಗೂ ಹೋಗಲೇಬೇಕು, ಹಾಗಾಗಿ ದಿನದ ಲೆಕ್ಕಕ್ಕೆ ಟಿಕೆಟ್ ಅಗ್ಗ. ಸತತ ಐದಾರು ದಿನ ನೀರೇ ನೀರು. ಆಗ ಅಲ್ಲಿನ ಮಕ್ಕಳಿಗೆ ಶಾಲೆ ಇರುತ್ತದೆ, ಹಾಗಾಗಿ ಬರುವವರು ಹೆಚ್ಚಾಗಿ ನಿಮ್ಮ ವಯಸ್ಸಿನವರು. ಇಂಥ ಪ್ರಯಾಣದಲ್ಲಿ ಮೂರನೇ ದಿನಕ್ಕೆ ಜನ ತಾವಾಗಿಯೇ ಬಂದು 'ಕೋಲು, ಬಿಲ್ಲೆ ಕೊಡಿ' ಅನ್ನುತ್ತಾರೆ. ರಸಪ್ರಶ್ನೆಗೆ ಕಾಯಂ ತಂಡಗಳಾಗುತ್ತವೆ. ಪ್ಲಾಸ್ಟಿಕ್ ಕೀ ಚೈನ್ ಬಹುಮಾನಕ್ಕೆ ನಿವೃತ್ತ ಜಡ್ಜ್, ನಿವೃತ್ತ ಡಾಕ್ಟರ್ ಜಗಳಾಡುವುದನ್ನು ನೋಡಲು ಮಜಾ ಇರುತ್ತದೆ. ಭೂಮಧ್ಯರೇಖೆ ದಾಟುವ ದೂರದ ಪ್ರಯಾಣವಾದರೆ ಸಮುದ್ರರಾಜ ನೆಪ್ಚೂನನ ವೇಷ ಹಾಕಿದವನ ಮುಂದೆ ಮೀನಿಗೆ ಮುತ್ತು ಕೊಡಿಸುವ ಹಳೇ ಆಚರಣೆಯೂ ಸಿಗುತ್ತದೆ. ತೀರಾ ಸಣ್ಣ ಹಡಗು ಬೇಕೆಂದರೆ ಹಾಯಿ ಕಟ್ಟಿದ ಸ್ಟಾರ್ ಕ್ಲಿಪರ್ಸ್ ಕಂಪನಿಯ ಹಡಗುಗಳಿವೆ. ಅಲ್ಲಿ ಸಂಜೆ ಏಡಿಗಳ ಓಟ ಇಡುತ್ತಾರೆ.

ಹಡಗು ಹತ್ತಿದ ಮೇಲೆ ದಿನದ ಪಟ್ಟಿಯಲ್ಲಿ ಶಫಲ್‌ಬೋರ್ಡ್ ಕಾಣದಿದ್ದರೆ 'ಇಲ್ಲ' ಅಂದುಕೊಂಡು ಸುಮ್ಮನಾಗಬೇಡಿ. ಜೀವರಕ್ಷಕ ದೋಣಿಗಳು ತೂಗಾಡುವ ಡೆಕ್ಕಿಗೆ ಬೆಳಿಗ್ಗೆ ಏಳಕ್ಕೆ, ಕುರ್ಚಿ ಹಾಸುವ ಮುಂಚೆ, ಒಂದು ಸುತ್ತು ಹೋಗಿ. ಗೆರೆಗಳು ಅಲ್ಲೇ ಇರಬಹುದು. ಸಾಮಾನು ಟವೆಲ್ ಕೊಡುವ ಕಟ್ಟೆಯಲ್ಲೋ ಸ್ಪೋರ್ಟ್ಸ್ ಕೌಂಟರಿನಲ್ಲೋ ಬೀಗದೊಳಗೆ ಇರುತ್ತದೆ. ಕ್ಯಾಬಿನ್ ಕಾರ್ಡ್ ತೋರಿಸಿದರೆ ಕೊಡುತ್ತಾರೆ. ಕೇಳುವವರು ನಾಲ್ಕು ಜನ ಆದರೆ ಹೊತ್ತು ಗೊತ್ತು ಮಾಡಿ ಪಟ್ಟಿಗೂ ಹಾಕುತ್ತಾರೆ, ಆ ವರದಿ ಬರೆಯುವ ಹುಡುಗರಿಗೂ ಅದೇ ಬೇಕಾಗಿರುತ್ತದೆ. ಮನೆಯಿಂದ ಒಂದು ಚೌಕಾಬಾರದ ಬಟ್ಟೆ, ನಾಲ್ಕು ಕವಡೆ ಒಯ್ಯಿರಿ. ಕಾರ್ಡ್ ರೂಮಿನಲ್ಲಿ ಹಾಸಿ ಕೂತರೆ ಹತ್ತು ನಿಮಿಷದಲ್ಲಿ ಯಾರಾದರೂ ಪಕ್ಕಕ್ಕೆ ಬಂದು ನಿಂತು 'ಇದೇನು?' ಅಂತ ಕೇಳುತ್ತಾರೆ.

ಬುಕ್ ಮಾಡುವಾಗ ಏಜೆಂಟರನ್ನು ಈಜುಕೊಳ ಎಷ್ಟು, ಹೋಟೆಲು ಎಷ್ಟು ಅಂತ ಕೇಳಬೇಡಿ. ಸಮುದ್ರದ ದಿನ ಎಷ್ಟು, ಪ್ರಯಾಣಿಕರು ಎಷ್ಟು, ಊಟಕ್ಕೆ ಕಾಯಂ ಮೇಜು ಸಿಗುತ್ತದಾ ಅಂತ ಕೇಳಿ. ಸಿಗುವುದಾದರೆ ಎಂಟು ಜನರ ಮೇಜೇ ಬೇಕು ಅನ್ನಿ. ರಿಪೊಸಿಷನಿಂಗ್ ಟಿಕೆಟ್ ಒಂದು ಕಡೆಯದು ಮಾತ್ರ, ಹಾಗಾಗಿ ವಾಪಸ್ ವಿಮಾನದ ಖರ್ಚು ಮೊದಲೇ ಸೇರಿಸಿ ಲೆಕ್ಕ ಹಾಕಿ. ಅಮೆರಿಕದ ಬಂದರು ಇದ್ದರೆ ಅಲ್ಲಿನ ವೀಸಾಕ್ಕೆ ಬಹಳ ಮುಂಚೆಯೇ ಅರ್ಜಿ ಹಾಕಬೇಕು. ವೀಸಾ ಕೈಗೆ ಬರುವ ತನಕ ವಾಪಸ್ ಬಾರದ ಮುಂಗಡ ಕಟ್ಟಬೇಡಿ.